ಒಂಬತ್ತಕ್ಕೆ ತೆಗೆಯುವ ಅಂಗಡಿ

ಬೇರೆಯವರ ರಿಪೇರಿ ಅಂಗಡಿಯಲ್ಲಿನ ಪಗಾರದ ಕೆಲಸ ಬಿಟ್ಟು ಬೆಟಗೇರಿಯಲ್ಲಿ ನನ್ನದೇ ಹೊಲಿಗೆ ಮಷೀನ್ ರಿಪೇರಿ ಅಂಗಡಿ ಹಾಕಿದ ಹೊಸತು. ಗಿರಾಕಿಗಳಿಲ್ಲ; ತಿರುಗಿ ನೌಕರಿಗೇ ಹೋಗಲೇ ಎಂದು ಯೋಚಿಸುತ್ತ, ಮನಸ್ಸು ಬಂದಾಗ ಬಾಗಿಲು ತೆಗೆಯುತ್ತಿದ್ದೆ. ಒಂದು ದಿನ ಮುಂಡರಗಿಯಿಂದ ಶಮೀಮಾ ಎಂಬ ಟೇಲರ್ ಫೋನ್ ಮಾಡಿದರು.

“ಅಂಗಡಿ ಎಷ್ಟಕ್ಕ ತಗೀತೀರಿ, ಅಣ್ಣಾರ?”

“ಯಾವಾಗ ಬಂದ್ರೂ ನಡೀತೈತ್ರಿ, ಅಕ್ಕಾರ.”

“ಹಂಗಂದ್ರ ಹೆಂಗ್ರಿ? ಬಸ್ಸಿನ್ಯಾಗ ಮಷೀನ್ ಹೊತ್ಕೊಂಡು ಬರಬೇಕು. ಖರೆ ಟೈಮ್ ಹೇಳ್ರಿ.”

ನಾಚಿಕೆಯಾಗಿ, “ಒಂಬತ್ತಕ್ಕ” ಎಂದುಬಿಟ್ಟೆ.

ಮರುದಿನ ಒಂಬತ್ತೂವರೆಗೆ ಓಡಿಬಂದರೆ, ಅವರು ಮಷೀನ್ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ಬೈಯಲಿಲ್ಲ.

“ನಿಮ್ಮ ಕೆಲಸ ಚಲೋ ಐತಂತ ಕೇಳೇ ಬಂದೀನಿ. ಬಾಗಲಾ ಮುಚ್ಚಿದ್ರ ಅದು ಮಂದಿಗೆ ಹೆಂಗ ಗೊತ್ತಾಗಬೇಕ್ರಿ?”

ಅವತ್ತಿನಿಂದ ಒಂಬತ್ತಕ್ಕೇ ತೆಗೆಯುತ್ತೇನೆ. ಹನ್ನೊಂದಕ್ಕೆ ಮೊದಲು ಯಾರೂ ಬರುವುದಿಲ್ಲ, ನಿಜ. ಆದರೆ ಅಷ್ಟರೊಳಗೆ ಹಿಂದಿನ ದಿನ ಬಂದ ಮಷೀನುಗಳು ತಯಾರಾಗಿರುತ್ತವೆ.