ದಡ್ಡ ಹುಡುಗಿಗೆ ಯಾಕ್ರೀ ಕಂಪ್ಯೂಟರ್?

ಗೆಳೆಯರೇ, ನನ್ನ ಆರನೇ ತರಗತಿಯ ರೇಣುಕಾಗೆ ಓದುವಾಗ ಅಕ್ಷರಗಳು ಅದಲುಬದಲಾಗುತ್ತವೆ. ಅಕ್ಷರ ಒತ್ತಿದರೆ ಅದರ ಉಚ್ಚಾರ ಕೇಳಿಸುವ ಅಭ್ಯಾಸವನ್ನು ಶಾಲೆಯ ಕಂಪ್ಯೂಟರಿನಲ್ಲಿ ಅವಳಿಗೆ ಮಾಡಿಸುತ್ತಿದ್ದೆ. ಇವತ್ತು ಮೊದಲ ಬಾರಿಗೆ 'ಅಪ್ಪ ಕಡಲೆ ಬಿತ್ತಿದ' ಎಂದು ತಡವರಿಸದೆ ಓದಿದಳು. ಅಷ್ಟರಲ್ಲಿ ಶಾಲಾ ಸಮಿತಿಯ ಅಧ್ಯಕ್ಷರು ಒಳಗೆ ಬಂದರು.

"ಏನ್ರೀ ಅಕ್ಕೋರ, ಇಂಥಾ ದಡ್ಡ ಹುಡುಗಿಗೆ ಯಾಕ್ರೀ ಕಂಪ್ಯೂಟರ್? ಶಾಣ್ಯಾ ಹುಡುಗ್ರಿಗೆ ಕೊಡ್ರಿ!"

ರೇಣುಕಾ ಕುರ್ಚಿಯಿಂದ ಎದ್ದುಬಿಟ್ಟಳು.

"ನೀ ಕುಂದರವಾ," ಎಂದು ಅವಳನ್ನು ಕೂರಿಸಿ ಅವರಿಗೆ ಹೇಳಿದೆ, "ಶಾಣ್ಯಾರು ಹೆಂಗರ ಕಲೀತಾರ್ರಿ. ಇಕಿ ಓದೂದ ಒಮ್ಮೆ ಕೇಳ್ರಿ."

"ಕೇಳೂದೇನೈತ್ರಿ? ಇಕಿ ಹಣೇಬರಾನ ಇಷ್ಟ!" ಎಂದು ಹೊರಟೇಹೋದರು.

ರೇಣುಕಾ ಮುಂದಿನ ವಾಕ್ಯವನ್ನೂ ಓದಿದಳು. ಎಷ್ಟು ಹೇಳಿದರೂ ತಲೆಗೆ ಹತ್ತದವರು ಇಡೀ ಶಾಲೆಯಲ್ಲಿ ಒಬ್ಬರೇ. ಅವರಾಗಲೇ ಹೆಡ್‌ಮಾಸ್ತರರ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು.