ಹಕ್ಕಿ ಕಾಲಿನ ಗಂಟು

ಭದ್ರಾವತಿಯ ಹಾಲಪ್ಪನಿಗೆ ಓದು ಬರಹ ಬಾರದು, ಆದರೆ ದಾರದಲ್ಲಿ ಏನು ಬೇಕಾದರೂ ಬರೆಯುತ್ತಿದ್ದ. ಹಕ್ಕಿಯ ಚರ್ಮ ಸುಲಿದು, ಕೆಡದಂತೆ ಪಾಷಾಣದ ವಿಷ ಸವರಿ, ಹತ್ತಿ ತುಂಬಿ ಹೊಲಿದ ಮೇಲೆ ಅದರ ಕಾಲಿಗೊಂದು ದಾರ ಕಟ್ಟುತ್ತಿದ್ದ: ತುಂಗೆಯ ದಡದ್ದಾದರೆ ಒಂದು ಗಂಟು, ಭದ್ರೆಯದಾದರೆ ಎರಡು, ಗೂಡಿನಲ್ಲಿ ಮೊಟ್ಟೆಯಿದ್ದರೆ ಕೊನೆಗೊಂದು ಕುಣಿಕೆ. ಪಾಷಾಣಕ್ಕೆ ಉಗುರೆಲ್ಲ ಉದುರಿದ್ದರೂ "ಗಂಟು ಹಾಕೋಕೆ ಬೆರಳು ಸಾಕು ಮಾರಾಯ" ಅನ್ನುತ್ತಿದ್ದ. ಇವನನ್ನು ಕೆಲಸಕ್ಕಿಟ್ಟುಕೊಂಡಿದ್ದ ಶಿವಮೊಗ್ಗದ ಶಿವಯೋಗಪ್ಪನವರು ಪಕ್ಷಿ ಸಂಶೋಧಕರೆಂದು ಲಂಡನ್ನಿನವರೆಗೂ ಹೆಸರಾದವರು. ಆದರೆ ಕೊರಳಲ್ಲಿ ಲಿಂಗವಿದೆಯೆಂದು ಸತ್ತ ಹಕ್ಕಿಯನ್ನು ಒಮ್ಮೆಯೂ ಮುಟ್ಟಿದವರಲ್ಲ. ಮೂರು ಮಾರು ದೂರ ಕುರ್ಚಿ ಹಾಕಿಕೊಂಡು, ಮೂಗಿಗೆ ಪಂಚೆಯ ಚುಂಗು ಹಿಡಿದು, "ಎಲ್ಲೀದೋ ಹಾಲಪ್ಪ?" ಎಂದು ಕೇಳುತ್ತಿದ್ದರು. ಇವನು ಗಂಟು ತಡವಿ ಹೇಳಿದ್ದೇ ಇಂಗ್ಲಿಷಿನಲ್ಲಿ ಲೇಖನವಾಗುತ್ತಿತ್ತು. ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಅವರಿಗೆ ಪದಕ ಬಂತು. ಸನ್ಮಾನದ ದಿನ "ಇದು ನನ್ನೊಬ್ಬನ ಕೆಲಸವಲ್ಲ" ಎಂದು ಅವರು ಭಾಷಣ ಶುರುಮಾಡಿದಾಗ ಬಾಗಿಲ ಬಳಿ ನಿಂತಿದ್ದ ಹಾಲಪ್ಪ ರುಮಾಲು ಸರಿಮಾಡಿಕೊಂಡ. ಅವರು ಲೇಖನ ಅಚ್ಚುಹಾಕಿದ ಮುಂಬಯಿಯ ಸಂಘವನ್ನೂ ಅಮಲ್ದಾರರನ್ನೂ ಕೋವಿ ಅಂಗಡಿಯವನನ್ನೂ ನೆನೆದು ಕೂತರು. ಆಮೇಲೆ ಹಕ್ಕಿಗಳನ್ನಿಟ್ಟ ಮೇಜಿನ ಹತ್ತಿರ ಹಾಲಪ್ಪ ಹೋಗಿ ನೋಡಿದರೆ ಒಂದು ಹಕ್ಕಿಯ ಕಾಲಲ್ಲೂ ಇವನ ದಾರವಿಲ್ಲ. ಸಭೆಗೆ ಚೆಂದ ಕಾಣಲೆಂದು ಎಲ್ಲವನ್ನೂ ಕತ್ತರಿಸಿ ಬಿಸಾಕಿ ಚೀಟಿ ಅಂಟಿಸಿದ್ದರು; ಅದರಲ್ಲಿ ಶಿವಯೋಗಪ್ಪನವರ ಹೆಸರಷ್ಟೇ ಅಚ್ಚಾಗಿದೆಯೆಂದು ಯಾರೋ ಓದಿ ಹೇಳಿದರು. ಅಷ್ಟರಲ್ಲಿ ಮ್ಯೂಸಿಯಮ್ಮಿನ ದೊರೆಯೊಬ್ಬ ಒಂದು ಹಕ್ಕಿಯನ್ನೆತ್ತಿ, ಇದೆಲ್ಲಿ ಸಿಕ್ಕಿತೆಂದು ಕೇಳಿದ. ಶಿವಯೋಗಪ್ಪನವರು ಅಭ್ಯಾಸಬಲದಿಂದ ತಿರುಗಿ, "ಎಲ್ಲೀದೋ ಹಾಲಪ್ಪ?" ಎಂದರು. ಹಾಲಪ್ಪ ಉಗುರಿಲ್ಲದ ಬೆರಳಿಂದ ದಾರವಿಲ್ಲದ ಕಾಲನ್ನು ಒಮ್ಮೆ ತಡವಿದ. "ಚೀಟೀಲಿ ಯಾರ ಹೆಸರಿದೆಯೋ ಅವರನ್ನೇ ಕೇಳಿ ಸ್ವಾಮಿ" ಎಂದ.