ದೊಡ್ಡ ಮಾಡೆಲ್‌ನ ದನಿ

ಢುಮ್ ಎಂದು ಎದೆಗೆ ಗುದ್ದುವ ಆ ಬಾಸ್ ಸೌಂಡ್ ಬರಲೇ ಇಲ್ಲ. ತೀರಿಹೋದ ತಮ್ಮನ ಹಳೆಯ, ದೊಡ್ಡ ಮಾಡೆಲ್‌ನ ವಿಡಿಯೋ ಗೇಮ್ ಸೆಟ್ಟಿನ ಗೊರಗೊರ ಸದ್ದು ಸರಿಪಡಿಸಲು ಗೋಕಾಕದ ಅಂಗಡಿಗೆ ಕೊಟ್ಟಿದ್ದೆ. ಆನ್ ಮಾಡಿದರೆ ತಗಡು ಬಡಿದಂಥ ದನಿ!

“ಹಳೇ ಬೋರ್ಡ್ ತಗದು ಇದರದ ಸಣ್ಣ ಮಾಡೆಲ್‌ನ ಬೋರ್ಡ್ ಹಾಕೇನ್ರಿ ಅಮ್ಮಾರ, ಹೊಸಾದೈತಿ. ಈ ವಯಸ್ಸಿನ್ಯಾಗ ನಿಮಗೇನ್ ಫರಕ್ ಗೊತ್ತಾಗತೈತಿ?” ಎಂದ ಅಂಗಡಿಯವ.

“ನಾನ್‌ಸೆನ್ಸ್! ಮೊಣಕಾಲು ಹೋಗ್ಯಾವ, ಕಿವಿ ಹೋಗಿಲ್ಲ. ತಗಿ ನನ್ನ ಬೋರ್ಡ್!”

ಗುಜರಿ ಡಬ್ಬಿಯಿಂದ ಅದನ್ನು ಹೆಕ್ಕಿಸಿ, ಎದುರಿಗೇ ಕುಳಿತು ಅವನ ಕೈಯಿಂದಲೇ ಮತ್ತೆ ಹಾಕಿಸಿದೆ. ಕೆಟ್ಟ ಕೆಪ್ಯಾಸಿಟರ್ ಎರಡನ್ನು ಬದಲಿಸಿದ್ದಕ್ಕೇ ಗೊರಗೊರ ನಿಂತಿತು, ಆ ಢುಮ್ ದನಿಯೂ ಮರಳಿತು. ಈಡಿಯಟ್!

ಸಿಟ್ಟು ಇನ್ನೂ ಇಳಿದಿಲ್ಲ. ತಮ್ಮನನ್ನು ಕೊನೆಯ ಸಲ ಕಂಡದ್ದು ಸಂಕೇಶ್ವರದ ಬಸ್ ಸ್ಟ್ಯಾಂಡಿನಲ್ಲಿ. ಹೊರಡಲಿದ್ದ ಬಸ್ಸು ಹತ್ತಿ ಬಂದು, ಸೀಟಿನಲ್ಲಿದ್ದ ನನ್ನ ತೊಡೆಯ ಮೇಲೆ ಸೆಟ್ಟನ್ನಿಟ್ಟು, “ಸಣ್ಣ ಮಾಡೆಲ್‌ಗೆ ಈ ದನಿ ಇಲ್ಲಬೇ ಅಕ್ಕಾ, ಯಾರಿಗೂ ಕೊಡಬ್ಯಾಡ” ಎಂದು ಬಸ್ಸಿಳಿದುಹೋದ.